ವಿ.ಡಿ.ಆರ್.ಎಲ್. ಪಾಸಿಟಿವ್ ಬಂದ ಗರ್ಭಿಣಿಗೆ: ಇಂಜೆಕ್ಷನ್ ಅರ್ಧಕ್ಕೆ ಬಿಡಬೇಡಿ

ಪ್ರಶ್ನೆ: ನನಗೆ 25 ವರ್ಷ. ಈಗ 21 ವಾರದ ಗರ್ಭಿಣಿ. ಹೋದ ವರ್ಷ ಮೊದಲ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಮನೆಯವರು ನಾಗದೋಷ ಇರಬೇಕು ಅಂತ ಕುಕ್ಕೆಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದರು. ಈ ಸಲ ರಕ್ತ ಪರೀಕ್ಷೆಯಲ್ಲಿ ವಿ.ಡಿ.ಆರ್.ಎಲ್. 1:32, ಟಿ.ಪಿ.ಎಚ್.ಎ. ಪಾಸಿಟಿವ್ ಬಂದಿದೆ. ಸಿಫಿಲಿಸ್ ಅಂದರು, ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಬರೆದರು. ಮೊದಲನೆಯದಕ್ಕೇ ಸೊಂಟದ ಕೆಳಗೆ ವಿಪರೀತ ನೋವು, ರಾತ್ರಿ ಜ್ವರ. ಹತ್ತು ದಿನ ಆಯಿತು, ಎರಡನೆಯದಕ್ಕೆ ಹೋಗಿಲ್ಲ. ಬದಲಿಗೆ ಮಾತ್ರೆ ತೆಗೆದುಕೊಂಡರೆ ಆಗುವುದಿಲ್ಲವೇ? ನನಗೆ ಹುಣ್ಣು, ತುರಿಕೆ ಏನೂ ಇಲ್ಲ. ಗಂಡ ಪರೀಕ್ಷೆಗೆ ಬರುತ್ತಿಲ್ಲ. ಮಗು ಉಳಿಯುತ್ತದೆಯೇ ಅಥವಾ ತೆಗೆಸಿಬಿಡಬೇಕೇ? ಸೀಮಂತ ಮುಗಿಸಿ ತವರಿಗೆ ಹೋಗುವವಳಿದ್ದೇನೆ, ಹೆರಿಗೆ ಅಲ್ಲೇ.

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ನಾಳೆ ಬೆಳಿಗ್ಗೆಯೇ ಅದೇ ಆಸ್ಪತ್ರೆಗೆ ಹೋಗಿ. ಎರಡು ಇಂಜೆಕ್ಷನ್ ನಡುವೆ ಏಳು ದಿನ ಇರಬೇಕು. ಗರ್ಭಿಣಿಯರಲ್ಲಿ ಒಂಬತ್ತು ದಿನ ದಾಟಿದರೆ ಆ ಸರಣಿ ಮುರಿಯಿತು ಅಂತಲೇ ಲೆಕ್ಕ. ಹಾಗಾಗಿ ಡಾಕ್ಟರು ‘ಮತ್ತೆ ಒಂದರಿಂದ ಶುರು ಮಾಡೋಣ’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಇನ್ನೂ ಮೂರು ಚುಚ್ಚಿಸಿಕೊಳ್ಳಬೇಕಾಗಬಹುದು. ಮೂರೂ ತಪ್ಪದೆ ಆಗಲಿ.

ಮಗುವನ್ನು ತೆಗೆಸುವ ಮಾತು ಬೇಡ. ನೀವು 21 ವಾರದಲ್ಲಿದ್ದೀರಿ, ಕೈಯಲ್ಲಿ ಬೇಕಾದಷ್ಟು ಸಮಯ ಇದೆ. ಸಿಫಿಲಿಸ್ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು, ಆದರೆ ಪೂರ್ತಿಯಾಗಿ ಗುಣವಾಗುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಸಿಫಿಲಿಸ್ ಇದ್ದ 340 ಗರ್ಭಿಣಿಯರಿಗೆ ನಿಮಗೆ ಬರೆದಿರುವ ಪೆನಿಸಿಲಿನ್ ಇಂಜೆಕ್ಷನ್ನನ್ನೇ ಕೊಟ್ಟು ನೋಡಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಶೇ 98ರಷ್ಟು ಮಕ್ಕಳು ಸೋಂಕಿನಿಂದ ಪಾರಾಗಿದ್ದವು. ಚಿಕಿತ್ಸೆಯೇ ಸಿಗದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ತಾಯಿಯ ಸೋಂಕು ಹೊಸದಾಗಿದ್ದು ಔಷಧಿ ಸಿಗದಿದ್ದರೆ, ನೂರರಲ್ಲಿ 40ರಷ್ಟು ಮಕ್ಕಳು ಹೊಟ್ಟೆಯಲ್ಲೇ ಅಥವಾ ಹುಟ್ಟಿದ ಸ್ವಲ್ಪ ದಿನದಲ್ಲೇ ತೀರಿಕೊಳ್ಳಬಹುದು. ಈ ಎರಡಕ್ಕೂ ನಡುವೆ ನಿಂತಿರುವುದು ಆ ಇಂಜೆಕ್ಷನ್ ಒಂದೇ.

ನಿಮಗೆ ಕೊಟ್ಟಿದ್ದು ಬೆಂಜಥೀನ್ ಪೆನಿಸಿಲಿನ್, ಒಂದು ಸಲಕ್ಕೆ 24 ಲಕ್ಷ ಯೂನಿಟ್. ಬಾಟಲಿಯಲ್ಲಿ ಬಿಳಿ ಪುಡಿ ಇರುತ್ತದೆ. ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿದರೆ ಹಾಲಿನಂಥ ಗಟ್ಟಿ ದ್ರವ ಆಗುತ್ತದೆ. ಸಣ್ಣ ಸೂಜಿಯಲ್ಲಿ ಇಳಿಯುವುದಿಲ್ಲ, ಕಟ್ಟಿಕೊಳ್ಳುತ್ತದೆ. ಅದಕ್ಕೇ ದಪ್ಪ ಸೂಜಿ. ಸಾಮಾನ್ಯವಾಗಿ ಎರಡು ಭಾಗ ಮಾಡಿ ಎರಡೂ ಕಡೆ ಸೊಂಟದ ಕೆಳಗೆ ಹಾಕುತ್ತಾರೆ. ನೋಯುತ್ತದೆ, ಸುಮ್ನೆ ಹೇಳುತ್ತಿಲ್ಲ. ಎರಡು ದಿನ ಕೂತುಕೊಳ್ಳೋದೂ ಕಷ್ಟ ಆಗಬಹುದು. ಪುಡಿಯನ್ನು ನೀರಿನ ಬದಲು ಮರಗಟ್ಟಿಸುವ ಲಿಗ್ನೊಕೇನ್‌ನಲ್ಲಿ ಕಲಸಿ ಕೊಡುವ ಪದ್ಧತಿ ಇದೆ, ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ಚುಚ್ಚಿದ ಮೇಲೆ ಮಲಗಿಬಿಡುವುದಕ್ಕಿಂತ ಸ್ವಲ್ಪ ಓಡಾಡಿದರೆ ಹಗುರ ಅನ್ನಿಸುತ್ತದೆ.

ಮಗುವಿಗೆ ಹೆಚ್ಚುಕಮ್ಮಿ ಆದೀತೇ ಅನ್ನುವ ಭಯ ಬೇಡ. ಗಂಟಲು ನೋವಿನಿಂದ ಶುರುವಾಗಿ ಹೃದಯದ ವಾಲ್ವ್ ಹಾಳಾದ ಮಕ್ಕಳಿಗೆ 21 ದಿನಕ್ಕೊಮ್ಮೆ ಇದೇ ಔಷಧಿಯನ್ನು ವರ್ಷಗಟ್ಟಲೆ ಕೊಡುತ್ತಾರೆ. ಗರ್ಭಿಣಿಯರಿಗೂ ದಶಕಗಳಿಂದ ಕೊಡುತ್ತಾ ಬಂದಿದ್ದಾರೆ. ಅಂದಹಾಗೆ, ಔಷಧಿ ಅಂಗಡಿಯಲ್ಲಿ ‘ಸ್ಟಾಕ್ ಇಲ್ಲ’ ಅಂದರೆ ಮನೆಗೆ ವಾಪಸ್ ಬಂದುಬಿಡಬೇಡಿ. ಈ ಹೃದಯದ ಮಕ್ಕಳಿಗಾಗಿ ಇದನ್ನು ಇಟ್ಟಿರುವ ದೊಡ್ಡ ಆಸ್ಪತ್ರೆಯ ಅಂಗಡಿಯಲ್ಲಿ ವಿಚಾರಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ, ಅಲ್ಲಿಯೂ ಕೇಳಿ.

ಆ ರಾತ್ರಿಯ ಜ್ವರ ಅಲರ್ಜಿ ಆಗಿರುವ ಸಾಧ್ಯತೆ ಕಡಿಮೆ. ಪೆನಿಸಿಲಿನ್ ಒಳಗೆ ಹೋದ ಮೇಲೆ ರೋಗಾಣುಗಳು ಒಟ್ಟಿಗೇ ಸಾಯುತ್ತವೆ. ಅವುಗಳ ಚೂರುಗಳು ರಕ್ತಕ್ಕೆ ಸೇರಿದಾಗ ಜ್ವರ, ಚಳಿ, ಮೈಕೈ ನೋವು ಬರುತ್ತದೆ. ಯಾರಿಶ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಅಂತ ಇದಕ್ಕೆ ಹೆಸರು. ಒಂದು ದಿನದಲ್ಲಿ ತಾನೇ ಇಳಿಯುತ್ತದೆ, ಪ್ಯಾರಾಸಿಟಮಾಲ್ ಸಾಕು. ಗರ್ಭಿಣಿಯರು ಒಂದು ವಿಷಯ ಮಾತ್ರ ಗಮನಿಸಬೇಕು. ಆ ಹೊತ್ತಿನಲ್ಲಿ ಹೊಟ್ಟೆ ಬಿಗಿದು ಬಿಗಿದು ಬಂದರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಅಥವಾ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಿಜವಾದ ಅಲರ್ಜಿ ಬೇರೆ ಥರ ಇರುತ್ತದೆ. ಚುಚ್ಚಿದ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ಒಂದು ಗಂಟೆಯೊಳಗೆ, ಮೈಯೆಲ್ಲ ದಡಿಕೆ ಏಳುತ್ತದೆ, ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ಬಹಳ ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ ಅನ್ನುವುದು ಇದಕ್ಕೇ. ಈ ಭಯದಿಂದ ಕೆಲವು ಸಣ್ಣ ಆಸ್ಪತ್ರೆಗಳಲ್ಲಿ ಪೆನಿಸಿಲಿನ್ ಅಂದರೇ ಹಿಂದೇಟು. ‘ನಮ್ಮಲ್ಲಿ ಹಾಕಲ್ಲ, ಬೇರೆ ಕಡೆ ಹೋಗಿ’ ಅಂತ ಚೀಟಿ ಬರೆದುಕೊಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅಡ್ರಿನಲಿನ್, ಆಕ್ಸಿಜನ್ ಪಕ್ಕದಲ್ಲಿ ಇಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದಾದ ಔಷಧಿ ಇದು. ಹೀಗೆ ಅಲ್ಲಿಂದ ಇಲ್ಲಿಗೆ ಕಳಿಸುವ ದಾರಿಯಲ್ಲೇ ಎಷ್ಟೋ ಗರ್ಭಿಣಿಯರು ಚಿಕಿತ್ಸೆಯಿಂದ ತಪ್ಪಿಹೋಗುತ್ತಾರೆ.

ಇನ್ನು ಮಾತ್ರೆ. ನಿಮಗೆ ಆಗಬಹುದೇನೋ, ಮಗುವಿಗೆ ಆಗುವುದಿಲ್ಲ. ಇಲ್ಲಿ ಇಬ್ಬರು ರೋಗಿಗಳಿದ್ದಾರೆ ಅಲ್ವಾ? ಔಷಧಿ ನಿಮ್ಮ ರಕ್ತದಿಂದ ಮಾಸು ದಾಟಿ ಮಗುವನ್ನು ಮುಟ್ಟಬೇಕು. ಎರಿತ್ರೊಮೈಸಿನ್, ಅಜಿತ್ರೊಮೈಸಿನ್ ಮಾತ್ರೆಗಳು ಸಾಕಷ್ಟು ಪ್ರಮಾಣದಲ್ಲಿ ದಾಟುವುದಿಲ್ಲ. ಅಜಿತ್ರೊಮೈಸಿನ್‌ಗೆ ಜಗ್ಗದ ಸಿಫಿಲಿಸ್ ತಳಿಗಳೂ ಹಲವು ದೇಶಗಳಲ್ಲಿ ಸಿಕ್ಕಿವೆ. ಡಾಕ್ಸಿಸೈಕ್ಲಿನ್ ಬೇರೆಯವರಿಗೆ ಕೊಡುತ್ತಾರೆ, ಆದರೆ ಮಗುವಿನ ಹಲ್ಲು, ಮೂಳೆಗೆ ತೊಂದರೆ ಅಂತ ಗರ್ಭಿಣಿಯರಿಗೆ ಕೊಡುವುದಿಲ್ಲ. ಪೆನಿಸಿಲಿನ್‌ಗೆ ನಿಜವಾಗಿಯೂ ಅಲರ್ಜಿ ಇರುವ ಗರ್ಭಿಣಿಗೂ ಬೇರೆ ದಾರಿ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ತೀರಾ ಸಣ್ಣ ಪ್ರಮಾಣದಿಂದ ಹಂತ ಹಂತವಾಗಿ ಏರಿಸಿ ಮೈಯನ್ನು ಒಗ್ಗಿಸಿ ಪೆನಿಸಿಲಿನ್ನನ್ನೇ ಕೊಡುತ್ತಾರೆ.

ಯಾಕೆ ಮೂರು ವಾರ? ಈ ರೋಗಾಣು ಟ್ರೆಪೊನೆಮಾ ಪ್ಯಾಲಿಡಮ್ ತುಂಬಾ ನಿಧಾನದ್ದು. ಒಂದು ಎರಡಾಗಲು ಸುಮಾರು 30 ಗಂಟೆ ಬೇಕು. ಪೆನಿಸಿಲಿನ್ ಕೊಲ್ಲುವುದು ರೋಗಾಣು ಬೆಳೆದು ಎರಡಾಗುವ ಹೊತ್ತಿನಲ್ಲಿ. ಆದ್ದರಿಂದ ರಕ್ತದಲ್ಲಿ ಔಷಧಿ ಸ್ವಲ್ಪವಾದರೂ ಸರಿ, ಬಿಡದೆ ವಾರಗಟ್ಟಲೆ ಇರಬೇಕು. ಬೆಂಜಥೀನ್ ಸ್ನಾಯುವಿನಲ್ಲಿ ಉಳಿದು ದಿನಾ ಸ್ವಲ್ಪ ಸ್ವಲ್ಪ ಕರಗುತ್ತದೆ. ಸೋಂಕು ತಗುಲಿ ಎಷ್ಟು ಕಾಲವಾಯಿತು ಅಂತ ಗೊತ್ತಿದ್ದು, ಅದು ಹೊಸದಾಗಿದ್ದರೆ ಒಂದೇ ಡೋಸ್ ಸಾಕು. ನಿಮ್ಮ ಹಾಗೆ ಯಾವಾಗ ಬಂತೋ ಗೊತ್ತಿಲ್ಲದವರಿಗೆ ಮೂರು. ಸಿಫಿಲಿಸ್‌ಗೆ ಪೆನಿಸಿಲಿನ್ ಮೊದಲು ಕೊಟ್ಟದ್ದು 1943ರಲ್ಲಿ, ಅಮೆರಿಕದಲ್ಲಿ. ಇಷ್ಟು ವರ್ಷ ಆದರೂ ಈ ರೋಗಾಣು ಪೆನಿಸಿಲಿನ್‌ಗೆ ಎದುರು ನಿಲ್ಲಲು ಕಲಿತಿಲ್ಲ. ಇಂಥ ಅದೃಷ್ಟ ನಮಗೆ ಬೇರೆ ಸೋಂಕುಗಳಲ್ಲಿ ಸಿಗೋದು ಕಷ್ಟ.

‘ನನಗೆ ಏನೂ ಇಲ್ಲ’ ಅಂದಿರಿ. ಸಿಫಿಲಿಸ್ ಇರುವ ಗರ್ಭಿಣಿಯರಲ್ಲಿ ಹೆಚ್ಚಿನವರು ಹೀಗೇ ಹೇಳುತ್ತಾರೆ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಏಳುತ್ತದೆ. ನೋವಿಲ್ಲ, ತುರಿಕೆ ಇಲ್ಲ. ಹೆಂಗಸರಲ್ಲಿ ಅದು ಒಳಗೆ, ಗರ್ಭಕೋಶದ ಬಾಯಿಯಲ್ಲಿ ಇದ್ದರೆ ಗೊತ್ತೇ ಆಗುವುದಿಲ್ಲ. ಕೆಲವು ವಾರದಲ್ಲಿ ತಾನಾಗಿ ಮಾಯುತ್ತದೆ. ಆಮೇಲೆ ಅಂಗೈ, ಅಂಗಾಲಲ್ಲಿ ಕಲೆ ಬರಬಹುದು, ಯಾವುದೋ ಸೋಪಿನ ಅಲರ್ಜಿ ಅಂದುಕೊಳ್ಳುತ್ತೇವೆ. ಅದೂ ಹೋಗುತ್ತದೆ. ನಂತರ ವರ್ಷಗಟ್ಟಲೆ ಏನೂ ಇರುವುದಿಲ್ಲ. ರೋಗಾಣು ಮಾತ್ರ ರಕ್ತದಲ್ಲಿ ಇದ್ದೇ ಇರುತ್ತದೆ. ಗಂಡ-ಹೆಂಡತಿ ನಡುವೆ ಹರಡುವುದು ಹೆಚ್ಚಾಗಿ ಮೊದಲ ಒಂದೆರಡು ವರ್ಷ. ತಾಯಿಯಿಂದ ಮಗುವಿಗೆ ಮಾತ್ರ ಅದಾದ ಮೇಲೂ, ಎಷ್ಟೋ ವರ್ಷದ ನಂತರವೂ ದಾಟಬಹುದು. ರಕ್ತ ಪರೀಕ್ಷೆ ಬಿಟ್ಟು ಇದನ್ನು ಹಿಡಿಯುವ ಬೇರೆ ದಾರಿ ಇಲ್ಲ. ನೋಡಿದರೆ ಗೊತ್ತಾಗುತ್ತದೆ ಅನ್ನುವ ಡಾಕ್ಟರನ್ನು ನಾನು ನಂಬುವುದಿಲ್ಲ.

ನಿಮ್ಮ ರಿಪೋರ್ಟಿನ ಎರಡು ಸಾಲನ್ನು ಓದೋಣ. ವಿ.ಡಿ.ಆರ್.ಎಲ್. 1:32 ಅಂದರೆ ನಿಮ್ಮ ರಕ್ತದ ಸೀರಮ್ಮನ್ನು 32 ಪಟ್ಟು ತೆಳು ಮಾಡಿದರೂ ಪರೀಕ್ಷೆ ಪಾಸಿಟಿವ್ ತೋರಿಸಿದೆ. ಈ ಪರೀಕ್ಷೆ ಕೆಲವೊಮ್ಮೆ ಸಿಫಿಲಿಸ್ ಇಲ್ಲದಿದ್ದರೂ ಪಾಸಿಟಿವ್ ಬರುತ್ತದೆ. ಮಲೇರಿಯಾ, ಲೂಪಸ್, ಕುಷ್ಠ, ಕೆಲವರಲ್ಲಿ ಬರೀ ಬಸಿರು, ಇವುಗಳಲ್ಲಿ ಹೀಗಾಗಬಹುದು. ಆದರೆ ಆಗ ಸಾಮಾನ್ಯವಾಗಿ 1:2, 1:4ರಂಥ ಸಣ್ಣ ಅಂಕಿ ಇರುತ್ತದೆ. ನಿಮ್ಮದು ದೊಡ್ಡ ಅಂಕಿ, ಜೊತೆಗೆ ಟಿ.ಪಿ.ಎಚ್.ಎ. ಕೂಡ ಪಾಸಿಟಿವ್. ಅದು ಈ ರೋಗಾಣುವಿಗೇ ಮೀಸಲಾದ ಪರೀಕ್ಷೆ. ಎರಡೂ ಸೇರಿದರೆ ಅನುಮಾನ ಉಳಿಯುವುದಿಲ್ಲ. ಚಿಕಿತ್ಸೆ ಆದ ಮೇಲೆ ಆ 32 ಇಳಿಯಬೇಕು. 8ಕ್ಕೆ ಬಂದರೆ ಚೆನ್ನಾಗಿ ಇಳಿದಂತೆ. ಹೆರಿಗೆಯೊಳಗೆ ಅಷ್ಟು ಇಳಿಯದೆಯೂ ಇರಬಹುದು, ಗಾಬರಿ ಬೇಡ, ಅದಕ್ಕೆ ತಿಂಗಳುಗಳು ಬೇಕು. ಇಳಿಯುವ ಬದಲು 128ಕ್ಕೆ ಏರಿದರೆ ಮಾತ್ರ ಮತ್ತೆ ಸೋಂಕು ತಗುಲಿದೆ, ಇಲ್ಲವೇ ಚಿಕಿತ್ಸೆ ಫಲ ಕೊಟ್ಟಿಲ್ಲ ಅಂತ ಅರ್ಥ.

ಮತ್ತೆ ತಗುಲುವುದು ಎಲ್ಲಿಂದ? ಇಲ್ಲಿ ನಿಮ್ಮ ಗಂಡನ ವಿಷಯ ಬರುತ್ತದೆ. ನೀವು ಮೂರು ಚುಚ್ಚಿಸಿಕೊಂಡು ಅವರು ಹಾಗೇ ಉಳಿದರೆ ಎಂಟನೇ ತಿಂಗಳಲ್ಲಿ ಸೋಂಕು ವಾಪಸ್ ಬರಬಹುದು. ಆಗ ಸಮಯ ಇರುವುದಿಲ್ಲ. ಅವರ ಚಿಕಿತ್ಸೆ ಮುಗಿದು ಒಂದು ವಾರ ಆಗುವವರೆಗೆ ಕೂಡುವುದು ಬೇಡ. ಆಮೇಲೂ ಹೆರಿಗೆಯವರೆಗೆ ಕಾಂಡೋಮ್ ಇರಲಿ. ಅವರಿಗೆ ಏನೂ ಲಕ್ಷಣ ಇಲ್ಲದಿರುವುದು ನಿಮಗೆ ಇಲ್ಲದಿರುವಷ್ಟೇ ಸಹಜ.

ಪರೀಕ್ಷೆಗೆ ಬರದ ಗಂಡಸರ ಹಟದ ಹಿಂದೆ ಸಾಮಾನ್ಯವಾಗಿ ಭಯ ಇರುತ್ತದೆ. ‘ನಿನಗೆ ಬಂದಿದೆ ಅಂದರೆ ನೀನೇ ತಂದಿದ್ದು’ ಅಂತ ಶುರುವಾಗಿ, ‘ಇಲ್ಲ, ನಿಮ್ಮಿಂದಲೇ’ ಅಂತ ಮುಂದುವರಿದರೆ ಆ ಜಗಳಕ್ಕೆ ಕೊನೆಯೇ ಇಲ್ಲ. ಒಂದು ಮಾತು ಇಬ್ಬರಿಗೂ ಗೊತ್ತಿರಲಿ. ಈ ರಕ್ತ ಪರೀಕ್ಷೆ ಸೋಂಕು ಇದೆ ಅಂತ ಹೇಳುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳುವುದಿಲ್ಲ. ಮದುವೆಗೆ ಮುಂಚಿನದೇ ಇರಬಹುದು. ಯಾರದು ತಪ್ಪು ಅಂತ ತೀರ್ಮಾನ ಆದ ಮೇಲೆ ಇಂಜೆಕ್ಷನ್ ಅನ್ನುವುದಾದರೆ ಮಗು ಅಲ್ಲಿಯವರೆಗೆ ಕಾಯುವುದಿಲ್ಲ. ಹೇಳುವುದು ಕಷ್ಟ ಆದರೆ ಅವರನ್ನು ಡಾಕ್ಟರೇ ಕರೆಸಲಿ, ‘ಹೆಂಡತಿಯ ರಕ್ತದ ವಿಷಯ ಮಾತಾಡಬೇಕು, ಬನ್ನಿ’ ಅಂದರೆ ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ. ಸಲಹೆ, ಪರೀಕ್ಷೆ ನಡೆಯುವ ಐ.ಸಿ.ಟಿ.ಸಿ. ಕೋಣೆಯ ಆಪ್ತಸಮಾಲೋಚಕರಿಗೆ ಇಂಥ ಮಾತುಕತೆ ದಿನನಿತ್ಯದ ಕೆಲಸ. ಇಬ್ಬರೂ ಎಚ್.ಐ.ವಿ. ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಎಚ್.ಐ.ವಿ. ಸಹಾಯವಾಣಿ 1097ಕ್ಕೆ ಉಚಿತವಾಗಿ ಫೋನ್ ಮಾಡಿಯೂ ಕೇಳಬಹುದು. ಅತ್ತೆ-ಮಾವನಿಗೆ ಹೇಳಲೇಬೇಕು ಅಂತೇನಿಲ್ಲ. ಡಾಕ್ಟರು, ನರ್ಸು ನಿಮ್ಮ ಒಪ್ಪಿಗೆ ಇಲ್ಲದೆ ಅವರಿಗೆ ಹೇಳುವಂತೆಯೂ ಇಲ್ಲ. ಟಾಯ್ಲೆಟ್, ತಟ್ಟೆ, ಬಟ್ಟೆಯಿಂದ ಇದು ಹರಡುವುದಿಲ್ಲ, ಮನೆಯಲ್ಲಿ ದೂರ ಇರುವ ಅಗತ್ಯವೂ ಇಲ್ಲ.

ಹೋದ ವರ್ಷದ ಮಗುವಿನ ಬಗ್ಗೆ ನೀವು ನೇರವಾಗಿ ಕೇಳಲಿಲ್ಲ, ಆದರೆ ಬರೆದಿದ್ದೀರಿ. ಇದೇ ಕಾರಣ ಇರಬಹುದು. ಖಚಿತವಾಗಿ ಹೇಳಲು ಆಗ ಮಗುವನ್ನು, ಮಾಸನ್ನು ಪರೀಕ್ಷಿಸಬೇಕಿತ್ತು. ನಿಮ್ಮ ರಕ್ತವನ್ನಾದರೂ ಮತ್ತೊಮ್ಮೆ ನೋಡಬೇಕಿತ್ತು. ಹೊಟ್ಟೆಯಲ್ಲೇ ಮಗು ತೀರಿಕೊಂಡ ಪ್ರತಿ ತಾಯಿಗೂ ವಿ.ಡಿ.ಆರ್.ಎಲ್. ಮಾಡಬೇಕು, ಅದು ಮಾಡದೆ ಮನೆಗೆ ಕಳಿಸಬಾರದು. ಮಾಸು ದಪ್ಪವಾಗಿ ರಕ್ತ ಸರಿಯಾಗಿ ಹರಿಯದೆ, ಮಗುವಿನ ಲಿವರ್ ಊದಿ, ರಕ್ತ ಕಡಿಮೆಯಾಗಿ, ಮೈಯಲ್ಲೆಲ್ಲ ನೀರು ತುಂಬಿ ಮಗು ಹೋಗುತ್ತದೆ. ಕುಕ್ಕೆಗೆ ಹೋಗಿ ಬಂದದ್ದರಲ್ಲಿ ತಪ್ಪೇನಿಲ್ಲ, ದುಃಖದಲ್ಲಿ ಮನಸ್ಸಿಗೆ ಸಮಾಧಾನ ಬೇಕು. ನೀವು ಮಾಡಿದ ಯಾವುದೋ ತಪ್ಪಿನಿಂದ, ತಿಂದದ್ದರಿಂದ, ಓಡಾಡಿದ್ದರಿಂದ ಮಗು ಹೋಗಲಿಲ್ಲ ಅನ್ನುವುದೂ ಗೊತ್ತಿರಲಿ. ಈ ವಾರವೇ ಒಂದು ಒಳ್ಳೆ ಸ್ಕ್ಯಾನ್ ಮಾಡಿಸಿ. ಸಿಫಿಲಿಸ್ ಇದೆ ಅಂತ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ, ಮಗುವಿನ ಲಿವರ್, ಹೊಟ್ಟೆಯಲ್ಲಿ ನೀರು, ಮಾಸಿನ ದಪ್ಪ ನೋಡುತ್ತಾರೆ. ಏನಾದರೂ ಕಂಡರೆ ಮುಂದಿನ ಇಂಜೆಕ್ಷನ್ ದೊಡ್ಡ ಆಸ್ಪತ್ರೆಯಲ್ಲಿ, ಮಗುವಿನ ಎದೆಬಡಿತ ನೋಡಿಕೊಂಡು ಕೊಡುವುದು ಒಳ್ಳೆಯದು.

ಇದೆಲ್ಲ ಇನ್ನೂ ಮುಂಚೆ ಸಿಕ್ಕಬಹುದಿತ್ತೇ? ಹೌದು. ಕರ್ನಾಟಕದಲ್ಲಿ ತಾಯಿ ಕಾರ್ಡ್ ಮಾಡಿಸುವಾಗಲೇ, 12 ವಾರದೊಳಗೆ, ಈ ಪರೀಕ್ಷೆ ಆಗಬೇಕು. ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆಂದೇ ನಡೆಯುವ ತಪಾಸಣೆಯಲ್ಲೂ ಇದು ಉಚಿತ. ಬೆರಳಿಂದ ತೆಗೆದ ಒಂದು ತೊಟ್ಟು ರಕ್ತದಲ್ಲಿ ಎಚ್.ಐ.ವಿ., ಸಿಫಿಲಿಸ್ ಎರಡನ್ನೂ 20 ನಿಮಿಷದಲ್ಲಿ ಹೇಳುವ ಕಿಟ್‌ಗಳೂ ಬಂದಿವೆ. ಆದರೆ ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳುವುದಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆಗೂ ಗೊತ್ತಾಗುವುದಿಲ್ಲ, ಮೊದಲ ಪರೀಕ್ಷೆಯೇ ನಾಲ್ಕೋ ಐದೋ ತಿಂಗಳಿಗೆ. ಭಾರತದಲ್ಲಿ ಗರ್ಭಿಣಿಯರಲ್ಲಿ ಈ ಸೋಂಕು ನೂರಕ್ಕೆ ಒಂದಕ್ಕಿಂತ ಕಡಿಮೆ. ನನ್ನ ಪ್ರಕಾರ ಈ ಕಡಿಮೆಯೇ ಇನ್ನೊಂದು ತೊಂದರೆ. ಅಪರೂಪದ್ದು ಅಂತ ಪರೀಕ್ಷೆ ಬರೆಯುವುದನ್ನೇ ಮರೆಯುತ್ತಾರೆ, ಬರೆದರೂ ರಿಪೋರ್ಟ್ ಫೈಲಿನಲ್ಲೇ ಉಳಿಯುತ್ತದೆ. ರಿಪೋರ್ಟ್ ಬಂದ ದಿನಕ್ಕೂ ಇಂಜೆಕ್ಷನ್ ಬಿದ್ದ ದಿನಕ್ಕೂ ನಡುವಿನ ಅಂತರ ಎಷ್ಟು ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ದುಡ್ಡಿರುವ ದೇಶ ಅಂದಮಾತ್ರಕ್ಕೆ ಇದು ತಪ್ಪುವುದಿಲ್ಲ. ಅಮೆರಿಕದಲ್ಲಿ 2012ರಲ್ಲಿ ಸಿಫಿಲಿಸ್ ಜೊತೆ ಹುಟ್ಟಿದ ಮಕ್ಕಳು 335. 2022ರಲ್ಲಿ 3,700ಕ್ಕೂ ಜಾಸ್ತಿ. ಹತ್ತರಲ್ಲಿ ಒಂಬತ್ತು ತಪ್ಪಿಸಬಹುದಿತ್ತು ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಹೇಳಿತು. ತಾಯಂದಿರಿಗೆ ಪರೀಕ್ಷೆ ತಡವಾಗಿತ್ತು, ಇಲ್ಲವೇ ಚಿಕಿತ್ಸೆ ಅರ್ಧಕ್ಕೆ ನಿಂತಿತ್ತು. ಆದರೆ ಕ್ಯೂಬಾ 2015ರಲ್ಲಿ, ಪಕ್ಕದ ಶ್ರೀಲಂಕಾ 2019ರಲ್ಲಿ ತಾಯಿಯಿಂದ ಮಗುವಿಗೆ ಸಿಫಿಲಿಸ್ ಹರಡುವುದನ್ನು ನಿವಾರಿಸಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದವು. ಶ್ರೀಲಂಕಾದಲ್ಲಿ ಮನೆ ಮನೆಗೆ ಹೋಗುವ ಸೂಲಗಿತ್ತಿ-ದಾದಿಯರು ಗರ್ಭಿಣಿಯರನ್ನು ಬೇಗ ಹುಡುಕಿ ಪರೀಕ್ಷೆಗೆ ಕಳಿಸುತ್ತಾರೆ. ಅದಕ್ಕಿಂತ ದೊಡ್ಡ ಮಂತ್ರ ಅಲ್ಲೇನೂ ಇಲ್ಲ.

ಈಗ ತವರಿನ ವಿಷಯ. ಏಳನೇ ತಿಂಗಳಲ್ಲಿ ಆಸ್ಪತ್ರೆ ಬದಲಾಗುವುದು ನಮ್ಮ ಹೆಣ್ಣುಮಕ್ಕಳಿಗೆ ಮಾಮೂಲಿ. ಹೊಸ ಡಾಕ್ಟರಿಗೆ ಹಳೆಯದೇನೂ ಗೊತ್ತಿರುವುದಿಲ್ಲ. ತಾಯಿ ಕಾರ್ಡ್ ಜೊತೆಗೆ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಔಷಧಿ, ಎಷ್ಟು ಯೂನಿಟ್, ಮೂರೂ ಇಂಜೆಕ್ಷನ್ನಿನ ದಿನಾಂಕ, ಮೊದಲ ಮತ್ತು ಕೊನೆಯ ವಿ.ಡಿ.ಆರ್.ಎಲ್. ಅಂಕಿ, ಗಂಡನಿಗೆ ಚಿಕಿತ್ಸೆ ಆಯಿತೇ ಇಲ್ಲವೇ. ಅದರ ಫೋಟೊ ಮೊಬೈಲಿನಲ್ಲೂ ಇರಲಿ. ಕೊನೆಯ ಇಂಜೆಕ್ಷನ್ ಆಗಿ ಎಂಟು ವಾರದ ಮೇಲೊಮ್ಮೆ, ಹೆರಿಗೆಯ ಹೊತ್ತಿಗೊಮ್ಮೆ ವಿ.ಡಿ.ಆರ್.ಎಲ್. ಮತ್ತೆ ಮಾಡಿಸಿ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ. ಚೀಟಿಯಲ್ಲಿರುವ ಇಂಜೆಕ್ಷನ್ ದಿನಾಂಕಗಳು ಮಗುವಿಗೂ ಮುಖ್ಯ. ಚಿಕಿತ್ಸೆ ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಶುರುವಾಗಿ ಸರಿಯಾಗಿ ಮುಗಿದಿದ್ದರೆ ಮಗು ಸಾಕಷ್ಟು ಔಷಧಿ ಪಡೆದಿದೆ ಅಂತ ಲೆಕ್ಕ. ಚೀಟಿ ಇಲ್ಲದಿದ್ದರೆ ಮಕ್ಕಳ ಡಾಕ್ಟರು ಚಿಕಿತ್ಸೆ ಆಗಿಲ್ಲ ಅಂತಲೇ ಭಾವಿಸಬೇಕಾಗುತ್ತದೆ. ಆಗ ಹತ್ತು ದಿನ ಮಗುವನ್ನು ಆಸ್ಪತ್ರೆಯಲ್ಲಿಟ್ಟು ನರಕ್ಕೆ ಪೆನಿಸಿಲಿನ್ ಕೊಡುತ್ತಾರೆ.

ಹುಟ್ಟಿದ ಮಗು ನೋಡಲು ಚೆನ್ನಾಗಿದೆ ಅಂತ ಬಿಡುವ ಹಾಗಿಲ್ಲ. ಸೋಂಕು ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಹುಟ್ಟಿದಾಗ ಏನೂ ಕಾಣುವುದಿಲ್ಲ. ವಾರಗಳಾದ ಮೇಲೆ ಮೂಗು ಸೋರುತ್ತದೆ, ಕೆಲವೊಮ್ಮೆ ರಕ್ತ ಬೆರೆತು. ಅಂಗಾಲು, ಅಂಗೈ ಸಿಪ್ಪೆ ಏಳುತ್ತದೆ, ಹೊಟ್ಟೆ ಊದುತ್ತದೆ. ಒಂದು ಕೈ ಆಡಿಸದೆ, ಎತ್ತಿಕೊಂಡರೆ ಚೀರುವ ಮಗುವಿಗೆ ಮೂಳೆ ಮುರಿದಿದೆ ಅಂದುಕೊಳ್ಳುತ್ತಾರೆ, ಎಕ್ಸ್‌ರೇಯಲ್ಲಿ ನೋಡಿದರೆ ಮೂಳೆಯ ತುದಿಯಲ್ಲಿ ಸಿಫಿಲಿಸ್ ಇರುತ್ತದೆ. ಆಗಲೂ ಬಿಟ್ಟರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಮುಂದಿನ ಹಲ್ಲು ಕಚ್ಚು ಬಿದ್ದು ಹುಟ್ಟುತ್ತವೆ, ಕಣ್ಣಿನ ಕರಿಗುಡ್ಡೆ ಮಂಜಾಗುತ್ತದೆ, ಕಿವಿ ಕೇಳಿಸುವುದಿಲ್ಲ. ಹಾಗಾಗಿ ಹೆರಿಗೆಯಾದ ಕೂಡಲೇ ಮಗುವಿನ ರಕ್ತ ಪರೀಕ್ಷೆ ಆಗಬೇಕು. ಹೊಕ್ಕುಳಬಳ್ಳಿಯ ರಕ್ತ ಬೇಡ, ಅದರಲ್ಲಿ ನಿಮ್ಮ ರಕ್ತ ಬೆರೆತಿರಬಹುದು. ಮಗುವಿನದು ಪಾಸಿಟಿವ್ ಬಂದರೂ ಹೆದರಬೇಡಿ, ನಿಮ್ಮ ಪ್ರತಿಕಾಯಗಳು ಅದಕ್ಕೆ ಹೋಗಿರುತ್ತವೆ. ಮಗುವಿನ ಅಂಕಿ ನಿಮ್ಮದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಇದ್ದರೆ ಅದು ಮಗುವಿನದೇ ಸೋಂಕು. ಇಲ್ಲದಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ನೋಡುತ್ತಾ ಹೋದರೆ ಆರು ತಿಂಗಳೊಳಗೆ ತಾನೇ ನೆಗೆಟಿವ್ ಆಗುತ್ತದೆ. ಎದೆಹಾಲು ಧಾರಾಳವಾಗಿ ಕೊಡಿ, ಮೊಲೆಯ ಮೇಲೆ ಹುಣ್ಣು ಇಲ್ಲದಿದ್ದರೆ ಆಯಿತು.

ಮುಂದೆ ಇನ್ನೊಮ್ಮೆ ಬಸಿರಾದಾಗ ಬೆರಳಿನ ಕಿಟ್ ಪರೀಕ್ಷೆ, ಟಿ.ಪಿ.ಎಚ್.ಎ. ಎರಡೂ ಪಾಸಿಟಿವ್ ಅಂತಲೇ ತೋರಿಸಬಹುದು. ಗುಣವಾದ ಮೇಲೂ ಅವು ಹೆಚ್ಚಿನವರಲ್ಲಿ ಜೀವನಪೂರ್ತಿ ಹಾಗೇ ಇರುತ್ತವೆ. ಆಗ ಈ ಚೀಟಿ ತೋರಿಸಿ, ವಿ.ಡಿ.ಆರ್.ಎಲ್. ಅಂಕಿ ಎಷ್ಟಿದೆ ಅಂತ ಕೇಳಿ. ಹಳೆಯ ಅಂಕಿಗಿಂತ ಏರಿದ್ದರೆ ಮಾತ್ರ ಮತ್ತೆ ಇಂಜೆಕ್ಷನ್.